ಬಿಸಿಲಿಲ್ಲದ ದಿನದ ಸೆಖೆ

ನಮ್ಮ ಕಡೆಯವರು ಬಿಸಿಲಿಗೆ ಹೆದರುತ್ತಾರೆ, ಸೆಖೆಗೆ ಹೆದರುವುದಿಲ್ಲ. ಬಿಸಿಲು ಜೋರಾದರೆ ತಲೆಗೆ ಬೈರಾಸು ಸುತ್ತಿಕೊಳ್ಳುತ್ತಾರೆ, ಮರದ ಬುಡ ಹುಡುಕುತ್ತಾರೆ. ಮೋಡ ಮುಚ್ಚಿಕೊಂಡು, ತೆಂಗಿನ ಗರಿ ಅಲ್ಲಾಡದೆ, ಕೂತಲ್ಲೇ ಬೆನ್ನ ಮೇಲೆ ಬೆವರು ಇಳಿಯುವ ದಿನ ಬಂದರೋ, "ಎಂತ ಸೆಖೆ ಮಾರಾಯ್ತಿ" ಎಂದು ಕುತ್ತಿಗೆ ಒರೆಸಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ಕುಮಟೆ, ಹೊನ್ನಾವರ, ಭಟ್ಕಳ, ಎಲ್ಲ ಕಡೆ ಹೀಗೇ. ನಾನೂ ಹಾಗೇ ಇದ್ದೆ.

ನಮ್ಮ ಕೇರಿ ಇರುವುದು ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಉಪ್ಪಿನ ಆಗರದ ಪಕ್ಕದಲ್ಲಿ. ಆಗರ ಎಂದರೆ ಉಪ್ಪು ಬೆಳೆಯುವ ಗದ್ದೆ. ಚೌಕ ಚೌಕದ ಪಾತಿಗಳಿಗೆ ಹೊಳೆಯ ಉಪ್ಪುನೀರು ಬಿಟ್ಟು ಆರಲು ಬಿಡುತ್ತಾರೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದನ್ನು ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ದಂಡೆಗೆ ಹಾಕಬೇಕು. ನಾನು ಮೂವತ್ತು ವರ್ಷ ಅಲ್ಲಿ ಬುಟ್ಟಿ ಹೊತ್ತವಳು. ನನ್ನ ಗಂಡ ಮಾಬ್ಲ ಅಲ್ಲೇ ಹಲಗೆ ಎಳೆಯುತ್ತಿದ್ದರು. ಅವರಿಗೆ ಜೋಡಿಯಾಗಿದ್ದವನು ಪಕ್ಕದ ಮನೆಯ ಹಮ್ಮ. ಎಳೆಯುವ ಕೆಲಸಕ್ಕೆ ಯಾವಾಗಲೂ ಇಬ್ಬರು ಇರುತ್ತಿದ್ದರು. ಒಬ್ಬ ಎಳೆದರೆ ಇನ್ನೊಬ್ಬ ಗುಡ್ಡೆ ಮಾಡುತ್ತಿದ್ದ.

ಮಾಬ್ಲ ತೀರಿಹೋಗಿ ಇಪ್ಪತ್ತೆರಡು ವರ್ಷವಾಯಿತು. ಆಮೇಲೆ ಹಮ್ಮನಿಗೆ ದಾಸ ಜೋಡಿಯಾದ. ಹೋದ ವರ್ಷ ದಾಸನ ಮೊಣಕಾಲು ಸೋತು, ಅವನು ಬೆಳಕೆ ಊರಿನಲ್ಲಿರುವ ಮಗಳ ಮನೆ ಸೇರಿಕೊಂಡ. ದೀಪಾವಳಿ ಕಳೆದ ಎಂಟನೇ ದಿನ ಹಮ್ಮನ ಹೆಂಡತಿ ಸುಕ್ರಿ ತೀರಿಕೊಂಡಳು. ಅಲ್ಲಿಂದ ಹಮ್ಮ ಒಬ್ಬನೇ. ಒಬ್ಬನೇ ಗಂಜಿ ಬೇಯಿಸುತ್ತಿದ್ದ, ಒಬ್ಬನೇ ಹಲಗೆ ಎಳೆಯುತ್ತಿದ್ದ. ಆಗರದ ಕೊನೆಯ ಪಾತಿಗಳನ್ನು ತಾನೇ ಕೇಳಿ ತೆಗೆದುಕೊಂಡಿದ್ದ. ಅಲ್ಲಿ ಯಾರೂ ಮಾತಿಗೆ ಬರುವುದಿಲ್ಲ ಎಂದೇ ಇರಬೇಕು. ನಮ್ಮಿಬ್ಬರ ಮನೆಯ ನಡುವೆ ಒಂದು ದಾಸವಾಳದ ಬೇಲಿ. ಅವನು ಬೆಳಿಗ್ಗೆ ಕೆಮ್ಮಿದರೆ ನನಗೆ ಕೇಳುತ್ತಿತ್ತು. ಕೆಮ್ಮು ಕೇಳಿದರೆ ಹಮ್ಮ ಎದ್ದ ಎಂದು ತಿಳಿದುಕೊಂಡು ನಾನೂ ಏಳುತ್ತಿದ್ದೆ. ಅಷ್ಟೇ ನಮ್ಮ ನೆರೆಹೊರೆ.

ಈ ಮೇ ತಿಂಗಳ ಎರಡನೇ ವಾರ ನಮ್ಮ ಸ್ವಸಹಾಯ ಸಂಘದ ಸಭೆ ನನ್ನ ಮನೆಯ ಜಗುಲಿಯಲ್ಲಿ ನಡೆಯಿತು. ಆಶಾ ಕಾರ್ಯಕರ್ತೆ ಭಾರತಿ ಬಂದಿದ್ದಳು. ನಮ್ಮ ಕೇರಿಯವಳೇ. ಅಂದು ಸೆಖೆಯ ವಿಷಯ ಹೇಳುವುದಿತ್ತು. ಹಮ್ಮ ಬೇಲಿಯಾಚೆ ತನ್ನ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ.

"ಹಮ್ಮ ಮಾವ, ಅಲ್ಲಿಂದ ಎಂತ ಕೇಳ್ತದೆ, ಇಲ್ಲೇ ಬನ್ನಿ" ಎಂದಳು ಭಾರತಿ.

"ಹೆಂಗಸರ ಸಭೆಲಿ ನಂದೆಂತ ಕೆಲಸ? ನೀ ಹೇಳು, ನಂಗೆ ಕಿವಿ ಅದೆ."

"ಕಿವಿ ಅದೆ, ಕೇಳುದೊಂದು ಇಲ್ಲ."

ಹೆಂಗಸರು ನಕ್ಕರು. ಹಮ್ಮ ಎದ್ದು ಬಂದು ನಮ್ಮ ಜಗುಲಿಯ ಮೆಟ್ಟಿಲ ಮೇಲೆ ಕೂತ.

ಭಾರತಿ ಹೇಳಿದಳು, "ಈ ಮೋಡದ ದಿನ ಮಧ್ಯಾಹ್ನ ಯಾರೂ ಆಗರದಲ್ಲಿ ಒಬ್ರೇ ಇರ್ಬಾರ್ದು. ಸೆಖೆ ಮನುಷ್ಯನ್ನ ಕೊಲ್ತದೆ."

ಹಮ್ಮ ಕಿಸೆಯಿಂದ ಫೋನು ತೆಗೆದ. ಕಾಯ್ಕಿಣಿಗೆ ಕೊಟ್ಟ ಮಗಳು ಕೊಡಿಸಿದ್ದು. "ಕಾಣು. ಮೂವತ್ನಾಕು ಡಿಗ್ರಿ. ನಿನ್ನೆ ರೇಡಿಯೋದಲ್ಲಿ ಹೇಳಿದ್ರು, ವಿಜಯಪುರದಲ್ಲಿ ನಲವತ್ತೊಂದು. ಅಲ್ಲಿ ಜನ ಎಲ್ಲ ಸತ್ತೇ ಹೋಗ್ಬೇಕಿತ್ತು ಹಂಗಾರೆ."

"ಅದರ ಕೆಳಗೆ ಸಣ್ಣಕ್ಕೆ ಎಂತ ಬರೆದದೆ, ಓದಿ."

"ಸಣ್ಣಕ್ಕೆ ಬರೆದದ್ದು ನಂಗೆ ಕಾಣುದಿಲ್ಲ."

ಭಾರತಿ ಫೋನು ತೆಗೆದುಕೊಂಡು ಓದಿದಳು. "ಮೈಗೆ ಅನಿಸುದು ನಲವತ್ನಾಕು. ಗಾಳಿಯಲ್ಲಿ ನೀರಿನ ಪಸೆ ನೂರಕ್ಕೆ ಎಪ್ಪತ್ತು ಪಾಲು. ವಿಜಯಪುರದ ಗಾಳಿ ಒಣ. ಅಲ್ಲಿ ಬೆವರು ಬಂದ ಹಾಗೇ ಆರ್ತದೆ. ಆರುವಾಗ ಮೈಯ ಬಿಸಿ ತಕೊಂಡು ಹೋಗ್ತದೆ. ನಮ್ಮಲ್ಲಿ ಬೆವರು ಸೋರ್ತದೆ, ಆರುದಿಲ್ಲ."

"ಬೆವರು ಬಂತಲ್ಲ, ಸಾಕಲ್ದಾ? ಬೆವರು ಹೋದಷ್ಟೂ ಮೈ ಹಗುರ."

"ಕೈ ಕೊಡಿ" ಎಂದಳು ಭಾರತಿ.

ಅವಳು ಹಮ್ಮನ ಎರಡೂ ಕೈ ನೀರಲ್ಲಿ ಅದ್ದಿಸಿದಳು. ಎಡಗೈಗೆ ಒಂದು ಪ್ಲಾಸ್ಟಿಕ್ ಕೊಟ್ಟೆ, ಅದೇ ಚೀಲ, ಹಾಕಿ ಮಣಿಕಟ್ಟಿಗೆ ದಾರ ಕಟ್ಟಿದಳು. ಬಲಗೈಗೆ ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿದಳು. ನಾವೆಲ್ಲ ನೋಡುತ್ತ ಕೂತೆವು.

"ಎಂತ ಆತು ಮಾವ?"

"ಬಲಗೈ ತಂಪು. ಎಡಗೈ ಬೇಯ್ತಾ ಅದೆ. ಒಂದು ಕೈ ಫ್ರಿಜ್ಜು, ಒಂದು ಕೈ ಇಡ್ಲಿ ಅಟ್ಟ."

"ಎರಡೂ ಕೈಯಲ್ಲಿ ನೀರು ಒಂದೇ. ಒಂದರದ್ದು ಗಾಳಿಗೆ ಆರ್ತಾ ಅದೆ, ಇನ್ನೊಂದರದ್ದು ಹೋಗ್ಲಿಕ್ಕೆ ಜಾಗ ಇಲ್ಲ. ಗಾಳಿ ಬಿದ್ದ ಸೆಖೆ ದಿನ ನಮ್ಮ ಇಡೀ ಮೈ ಆ ಕೊಟ್ಟೆ ಒಳಗೆ ಇದ್ದ ಹಾಗೆ. ಮಳೆಗಾಲದಲ್ಲಿ ಇದರ ಉಲ್ಟಾ. ಬಳಚು ಚಿಪ್ಪಿ ಹೆಕ್ಕಿ ಒದ್ದೆ ಸೀರೆಲಿ ಹೊಳೆ ಗಾಳಿಗೆ ನಿಂತ್ರೆ ಹಲ್ಲು ಕಟಕಟ ಅಂತದಲ್ಲ. ಆಗ ಎಷ್ಟು ಡಿಗ್ರಿ? ಇಪ್ಪತ್ತೈದು. ಇಪ್ಪತ್ತೈದು ಎಂತ ಚಳಿ? ನೀರೂ ಗಾಳಿಯೂ ಸೇರಿ ಮೈಯ ಬಿಸಿ ಎಳ್ಕೊಂಡು ಹೋಗ್ತವೆ. ಅದ್ಕೇ ಮಳೆಲಿ ನೆನೆದು ಬಂದವರು ಮೊದ್ಲು ಒಣ ಬಟ್ಟೆ ಹಾಕ್ಬೇಕು."

ಹಮ್ಮ ಕೊಟ್ಟೆ ಬಿಚ್ಚಿ ಕೈ ಒರೆಸಿಕೊಂಡ. ಭಾರತಿ ಬಿಡಲಿಲ್ಲ.

"ಮಾವ, ಒಂದು ಕೇಳ್ತೆ. ಆಗರದಲ್ಲಿ ಉಪ್ಪು ಕಟ್ಟದೇ ಇರುದು ಯಾವ ದಿನ?"

ಇದು ಅವನ ವಿದ್ಯೆ. ಅವನು ಯೋಚನೆಯನ್ನೇ ಮಾಡಲಿಲ್ಲ. "ಮೋಡ ಮುಚ್ಚಿ ಗಾಳಿ ಬಿದ್ದ ದಿನ. ಪಾತಿ ನೀರು ಎಣ್ಣೆ ಹಾಂಗೆ ನಿಂತಿರ್ತದೆ. ಎಷ್ಟು ಸೆಖೆ ಇದ್ರೂ ಒಂದು ಹರಳು ಕಟ್ಟುದಿಲ್ಲ."

"ನೀರು ಆರುದಿಲ್ಲ."

"ಆರುದಿಲ್ಲ."

"ನಿಮ್ಮ ಮೈಯೂ ಒಂದು ಪಾತಿ. ಆ ದಿನ ಅದರ ನೀರೂ ಆರುದಿಲ್ಲ."

ಹಮ್ಮ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಅವನಿಗೆ ತಾಗಿತು ಎಂದುಕೊಂಡೆ. ಆದರೆ ಅವನು ಎದ್ದು ಬೈರಾಸು ಕೊಡವಿದ.

"ನೀ ಹೇಳಿದ್ದು ಸುಳ್ಳಲ್ಲ ತಂಗಿ. ಆದ್ರೆ ಮೋಡ ಕಾಣು. ನಾಳೆಯೋ ನಾಡಿದ್ದೋ ಮಳೆ. ಕಟ್ಟಿದ ಉಪ್ಪು ಪಾತಿಲೇ ಅದೆ. ಮಳೆ ಬಂದ್ರೆ ಒಂದು ತಿಂಗಳ ಕೆಲಸ ನೀರು. ಎಳೆಯುದು ಈಗ್ಲೇ. ಸೆಖೆ ನೋಡಿ ಮನೆಲಿ ಕೂತ್ರೆ ಉಪ್ಪು ನಂಗಾಗಿ ಕಾಯ್ತದಾ?"

ಅದೂ ನಿಜವೇ. ನಮ್ಮ ಆಗರದ ಕಷ್ಟವೇ ಅದು. ಮಳೆಯ ಮೊದಲಿನ ಆ ಮುಚ್ಚಿದ ನಾಲ್ಕೈದು ದಿನ ಸೆಖೆ ಎಲ್ಲಕ್ಕಿಂತ ಹೆಚ್ಚು, ಕೆಲಸವೂ ಎಲ್ಲಕ್ಕಿಂತ ಹೆಚ್ಚು.

ಹಮ್ಮ ಹೋದ ಮೇಲೆ ಭಾರತಿ ಉಳಿದವರಿಗೆ ಹೇಳಿದಳು: ತಲೆನೋವು, ವಾಂತಿ, ತಲೆ ಸುತ್ತು ಬಂದರೆ ಕೆಲಸ ಬಿಟ್ಟು ನೆರಳಿಗೆ ಬರಬೇಕು. ಮಾತು ತಪ್ಪಿ ಏನೇನೋ ಬಡಬಡಿಸಿದರೆ, ಕಾಲು ತಪ್ಪಿದರೆ ಅದು ಬಹಳ ಅಪಾಯ. ಆಗ ನೂರಾ ಎಂಟಕ್ಕೆ ಫೋನು ಮಾಡಬೇಕು, ಗಾಡಿ ಬರುವ ತನಕ ಮೈ ಮೇಲೆ ನೀರು ಹೊಯ್ದು ಗಾಳಿ ಹಾಕಬೇಕು. "ಮಾತು ತಪ್ಪಿದ್ದು ಅವರಿಗೇ ಗೊತ್ತಾಗುದಿಲ್ಲ. ಪಕ್ಕದಲ್ಲಿ ಇದ್ದವರಿಗೇ ಕಾಣ್ಬೇಕು" ಎಂದಳು.

ನನಗೆ ಇದು ಹೊಸತಲ್ಲ. ಎರಡು ವರ್ಷದ ಹಿಂದೆ ಇದೇ ಭಾರತಿ ಇದೇ ಮಾತು ಹೇಳಿದ್ದಳು. ಅಂದು ಸಭೆ ಮುಗಿದು ಎಲ್ಲರೂ ಹೋದ ಮೇಲೆ ನಾನು ಒಲೆ ಹಚ್ಚಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕೂತೇ ಇದ್ದೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೆ ಹಮ್ಮನಿಗೇ ಹೇಳಬೇಕಿತ್ತು. ಬಾಯಿ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹೊರಡುವ ಹೊತ್ತಿಗೆ ನಾನು ಬೇಲಿ ದಾಟಿ ಅವನ ಅಂಗಳಕ್ಕೆ ಹೋದೆ. ಮೋಡ ನೆತ್ತಿಯ ಮೇಲೇ ಕೂತ ಹಾಗಿತ್ತು. ಬೇಲಿಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಎಂತ ಗಂಗಕ್ಕ, ಬೆಳಿಗ್ಗೆ ಬೆಳಿಗ್ಗೆ?"

"ಹಮ್ಮ, ಮಾಬ್ಲ ಹೋದ ದಿನ ನಿಂಗೆ ನೆನಪದೆಯಾ?"

ಅವನು ಹಲಗೆಯನ್ನು ಗೋಡೆಗೆ ಆನಿಸಿದ. "ಅದೆಂತ ಈಗ?"

"ಅವತ್ತೂ ಇದೇ ಮೋಡ. ಮಳೆ ಬರ್ತದೆ ಅಂತ ನೀವಿಬ್ರೂ ಓಡಿ ಓಡಿ ಎಳೀತಿದ್ರಿ. ಮಧ್ಯಾಹ್ನ ಅವ್ರು ಹುಚ್ಚರ ಹಾಂಗೆ ಮಾತಾಡಿದ್ರು. ಕಾಲು ಮಡಚಿ ಬಿದ್ರು."

"ಗಾಳಿ ತಾಗಿತ್ತು ಅವ್ರಿಗೆ."

"ಎಲ್ರೂ ಹಂಗೇ ಹೇಳಿದ್ರು. ನಾನೂ ಹೇಳ್ದೆ. ಬಿಸಿಲೇ ಇರ್ಲಿಲ್ಲ, ಮತ್ತೆಂತ ಆಗ್ಲಿಕ್ಕೆ ಸಾಧ್ಯ ಅಂದ್ರು. ಆಗರದ ಮೂಲೆಲಿ ಎಂತದೋ ಅದೆ, ಅದರ ಗಾಳಿ ತಾಗಿತು ಅಂದ್ರು. ನೀ ನಿನ್ನ ಮನೆ ಕಂಬಳಿ ತಂದು ಹೊದೆಸಿದೆ. ಇನ್ನೂ ಗಾಳಿ ತಾಗುದು ಬ್ಯಾಡ ಅಂತ ನಾ ಕಿಟಕಿ ಬಾಗಿಲು ಎಲ್ಲ ಮುಚ್ಚಿದೆ. ನೀ ಮಂತ್ರ ಹಾಕಿ ನೋಡುವವರ ಹತ್ರ ಬೂದಿ ತರ್ಲಿಕ್ಕೆ ಓಡಿದೆ. ನೀ ಬರೂದ್ರೊಳಗೆ ಆತು."

ಹಮ್ಮ ನನ್ನ ಮುಖ ನೋಡಲಿಲ್ಲ.

"ಗಾಳಿ ತಾಗಿದ್ದಲ್ಲ ಹಮ್ಮ. ಗಾಳಿ ಇಲ್ದೇ ಹೋದ್ರು ಅವ್ರು. ಮೈ ಕೆಂಡ ಆಗಿತ್ತು, ನಾವು ಅದಕ್ಕೆ ಕಂಬಳಿ ಹೊದೆಸಿದ್ವಿ. ಭಾರತಿ ಮೊದ್ಲು ಹೇಳಿದಾಗ್ಲೇ ನಂಗೆ ತಿಳೀತು. ಎರಡು ವರ್ಷ ನಿಂಗೆ ಹೇಳ್ಲಿಲ್ಲ."

"ಹಂಗಾರೆ ನಾ ಕೊಂದೆ ಅಂತಿಯಾ?"

"ಇಬ್ರಿಗೂ ಗೊತ್ತಿರ್ಲಿಲ್ಲ ಅಂತ ಹೇಳ್ತೆ. ಈಗ ಗೊತ್ತದೆ. ಒಬ್ನೇ ಹೋಗ್ಬ್ಯಾಡ."

ಅವನು ಹಲಗೆ ಹೆಗಲಿಗೆ ಹಾಕಿಕೊಂಡ. "ಬಿಸಿಲಿಲ್ಲ ಗಂಗಕ್ಕ" ಎಂದಷ್ಟೇ ಹೇಳಿ, ತಲೆ ತಗ್ಗಿಸಿಕೊಂಡು ಹೊರಟ. ಸಿಟ್ಟೋ ದುಃಖವೋ, ಬೆನ್ನು ನೋಡಿ ಹೇಳುವುದು ಹೇಗೆ?

ಹೇಳಿ ತಪ್ಪು ಮಾಡಿದೆನೋ ಏನೋ ಎಂದು ಮನೆಯೊಳಗೆ ಬಂದೆ. ಕೂತೆ, ಎದ್ದೆ. ಹತ್ತು ಗಂಟೆಗೆ ಕೊಡೆ, ಬೀಸಣಿಗೆ, ಒಂದು ಬಾಟ್ಲಿ ಗಂಜಿ ತಿಳಿ, ನನ್ನ ಬಟನ್ ಫೋನು ಹಿಡಿದುಕೊಂಡು ಆಗರದ ದಂಡೆಯ ಮೇಲೆ ನಡೆದೆ. ಕೊನೆಯ ಪಾತಿಯ ಹತ್ತಿರ ತೆಂಗಿನ ಮಡಲಿನ ಒಂದು ಚಪ್ಪರವಿದೆ, ಅದರೊಳಗೆ ಒಂದು ಡ್ರಮ್ಮು ನೀರು. ಅಲ್ಲಿ ಕೂತೆ. ಹಮ್ಮ ನನ್ನನ್ನು ನೋಡಿದ, ಮತ್ತೆ ಹಲಗೆಗೆ ಬಗ್ಗಿದ. ದೂರದ ಪಾತಿಗಳಲ್ಲಿ ಕೆಲವರು ಕಡ್ಡಿಯ ಹಾಗೆ ಕಾಣುತ್ತಿದ್ದರು. ಕೂಗಿದರೆ ಅವರಿಗೆ ಕೇಳುವಂತಿರಲಿಲ್ಲ. ಇಡೀ ಬಯಲಿನಲ್ಲಿ ಕೇಳುತ್ತಿದ್ದುದು ಹಲಗೆ ಎಳೆಯುವ ಸದ್ದು ಒಂದೇ.

ಹನ್ನೊಂದಕ್ಕೆ ಗಂಜಿ ತಿಳಿ ಕುಡಿ ಎಂದು ಕೂಗಿದೆ. ಕೈ ಬೀಸಿ ಬೇಡ ಎಂದ. ಹನ್ನೆರಡಾಯಿತು. ಸ್ವಲ್ಪ ಹೊತ್ತಿಗೆ ಹಲಗೆಯ ಸದ್ದು ಬದಲಾದ ಹಾಗಾಯಿತು. ಎದ್ದು ನೋಡಿದರೆ ಅವನು ಆಗಲೇ ಖಾಲಿ ಮಾಡಿದ ಪಾತಿಯಲ್ಲಿ ಬರೀ ನೆಲ ಎಳೆಯುತ್ತಿದ್ದ. ಉಪ್ಪೇ ಇರಲಿಲ್ಲ. ಆದರೂ ಎಳೆಯುತ್ತಿದ್ದ.

"ಹಮ್ಮ" ಎಂದು ಕರೆದೆ.

ತಿರುಗಿದ. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. "ಸುಕ್ರಿ, ಗಂಜಿ ಹಾಕು. ಬಂದೆ" ಎಂದ. ನಾಲಿಗೆ ಎಳೆಯುತ್ತಿತ್ತು.

"ಹಾಕ್ತೆ, ಬಾ" ಎಂದು ಹತ್ತಿರ ಹೋಗಿ ಕೈ ಹಿಡಿದೆ. ಮೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅದೇ ಮೈ ಒಲೆಯ ಮೇಲಿಟ್ಟ ಹೆಂಚಿನ ಹಾಗೆ ಸುಡುತ್ತಿತ್ತು. ಮಗುವಿನ ಹಾಗೆ ನನ್ನ ಹಿಂದೆ ಬಂದ. ಚಪ್ಪರದ ಬಾಯಲ್ಲಿ ಕಾಲು ಮಡಚಿತು.

ಒಂದು ಕೈಯಲ್ಲಿ ಅವನ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನಿನ ಎರಡನೇ ಗುಂಡಿ ಒತ್ತಿದೆ. ಅದು ಭಾರತಿಯ ನಂಬರು. ಹಮ್ಮ ಮಾತು ತಪ್ಪಿ ಬಿದ್ದಿದ್ದಾನೆ ಎಂದೆ.

"ನೂರಾ ಎಂಟಕ್ಕೆ ನಾ ಫೋನ್ ಮಾಡ್ತೆ ಅತ್ತೆ. ಅಂಗಿ ಬನಿಯನ್ ತೆಗೀರಿ. ನೀರು ಮೈ ಮೇಲೆ ಹೊಯ್ರಿ, ಬಾಯಿಗೆ ಹಾಕ್ಬ್ಯಾಡಿ, ಉಸಿರುನಾಳಕ್ಕೆ ಹೋಗ್ತದೆ. ಒಂದು ಬದಿಗೆ ಮಲಗಿಸಿ. ಗಾಳಿ ಹಾಕಿ. ನಿಲ್ಲಿಸ್ಬ್ಯಾಡಿ."

ಬನಿಯನ್ ಹರಿದು ತೆಗೆದೆ. ಡ್ರಮ್ಮಿನಿಂದ ಚೊಂಬು ಚೊಂಬು ನೀರು ತಲೆ, ಎದೆ, ಕಂಕುಳು, ತೊಡೆಯ ಸಂದಿ, ಎಲ್ಲ ಕಡೆ ಹೊಯ್ದೆ. ಬೀಸಣಿಗೆ ಬೀಸಿದೆ. ಮತ್ತೆ ಹೊಯ್ದೆ, ಮತ್ತೆ ಬೀಸಿದೆ. ಹೊರಗಿನ ಗಾಳಿ ಸತ್ತು ಬಿದ್ದಿತ್ತು. ನನ್ನ ಕೈಯಿಂದ ಹುಟ್ಟಿದ್ದೇ ಗಾಳಿ. ತೋಳು ಬಿದ್ದು ಹೋಗುವ ಹಾಗೆ ನೋಯುತ್ತಿತ್ತು. ಬೀಸಣಿಗೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡೆ. ಅವನು ಏನೋ ಗೊಣಗುತ್ತಿದ್ದ. ಸುಕ್ರಿ ಎನ್ನುತ್ತಿದ್ದ. ನಾನು ಹ್ಞೂ ಎನ್ನುತ್ತಿದ್ದೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಭಾರತಿ ನಮ್ಮ ಕೇರಿಯ ಮಂಜುವಿನ ರಿಕ್ಷಾದಲ್ಲಿ ದಂಡೆಯ ತುದಿಗೆ ಬಂದು ಅಲ್ಲಿಂದ ಓಡಿ ಬಂದಳು. ಮಂಜು ಇನ್ನೊಂದು ಚೊಂಬು ಹಿಡಿದ. ಆಮೇಲೆ ಆಂಬುಲೆನ್ಸಿನವರು ಸ್ಟ್ರೆಚರ್ ಹೊತ್ತು ಬಂದರು. ದಂಡೆಯ ಮೇಲೆ ನಡೆಯುವಾಗಲೂ ಭಾರತಿ ಪಕ್ಕದಲ್ಲಿ ಬೀಸುತ್ತಲೇ ಹೋದಳು.

ಸಂಜೆ ಮಳೆ ಬಂತು. ಎಳೆಯದೆ ಉಳಿದ ಉಪ್ಪೆಲ್ಲ ಕರಗಿ ಹೊಳೆಗೆ ಹೋಯಿತು. ನಾನು ಜಗುಲಿಯಲ್ಲಿ ಕೂತು ನೋಡಿದೆ. ಉಪ್ಪು ಹೋದರೆ ಮುಂದಿನ ವರ್ಷ ಮತ್ತೆ ಕಟ್ಟುತ್ತದೆ.

ಹಮ್ಮ ಕುಮಟೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಗಾಡಿ ಬರುವ ಮೊದಲೇ ಮೈ ತಣಿಸಿದ್ದರಿಂದ ಉಳಿದ ಎಂದು ಡಾಕ್ಟರು ಅವನ ಮಗಳಿಗೆ ಹೇಳಿದರಂತೆ. ಮಗಳು ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. "ಒಬ್ರೇ ಇದ್ದಾರೆ ಅಂತ ಗೊತ್ತಿತ್ತು ಅತ್ತೆ. ಕೆಲಸಕ್ಕೂ ಒಬ್ರೇ ಹೋಗ್ತಿದ್ರು ಅಂತ ಗೊತ್ತಿರ್ಲಿಲ್ಲ" ಎಂದಳು. ಈಗ ದಿನಾ ಹನ್ನೊಂದಕ್ಕೆ ಹಮ್ಮನಿಗೆ ಅವಳ ಫೋನು ಬರುತ್ತದೆ. ಎಲ್ಲಿ ಇದ್ದೀರಿ, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತಾಳೆ.

ಮನೆಗೆ ಬಂದ ಮಾರನೇ ಸಂಜೆ ಹಮ್ಮ ನಮ್ಮ ಜಗುಲಿಗೆ ಬಂದ. ಮೆಟ್ಟಿಲ ಮೇಲೆ ಕೂತ. ಮಳೆ ನಿಂತು ಸ್ವಲ್ಪ ಗಾಳಿ ಬರುತ್ತಿತ್ತು.

"ಮಾಬ್ಲಣ್ಣಂಗೂ ಹಿಂಗೇ ನೀರು ಹೊಯ್ದಿದ್ರೆ" ಎಂದ.

"ಹ್ಞೂ" ಎಂದೆ. ಇಪ್ಪತ್ತೆರಡು ವರ್ಷದ ಮಾತು ಅಷ್ಟರಲ್ಲೇ ಮುಗಿಯಿತು. ನಾನು ಒಳಗೆ ಹೋಗಿ ಅವನಿಗೂ ಒಂದು ಬಟ್ಟಲು ಗಂಜಿ ತಂದೆ. ಅವನು ಉಂಡು, ಬಟ್ಟಲು ತೊಳೆದಿಟ್ಟು ಹೋದ.

ಮುಂದಿನ ಸಭೆಗೆ ಯಾರೂ ಕರೆಯದೆ ಬಂದ. ಭಾರತಿ ಮಾತು ಶುರು ಮಾಡುವ ಮೊದಲೇ ಅವನೇ ಹೇಳಿದ. "ನಂಗೆ ನಾ ಸರಿ ಇದ್ದೆ ಅಂತ್ಲೇ ಇತ್ತು. ತಲೆ ನೋಯ್ತಿತ್ತು, ಸೆಖೆ ಅಂದ್ಕೊಂಡೆ. ಖಾಲಿ ಪಾತಿ ಎಳೀತಿದ್ದದ್ದು ನಂಗೆ ನೆನಪೇ ಇಲ್ಲ. ನೋಡುವವರು ಇದ್ರು, ಉಳಿದೆ. ಇನ್ನು ನಾ ಜೋಡಿ ಇಲ್ದೇ ಆಗರಕ್ಕೆ ಇಳಿಯುದಿಲ್ಲ."

"ಈಗ ಕಿವಿ ಕೇಳ್ತದಾ ಮಾವ?" ಎಂದಳು ಭಾರತಿ.

"ಕೇಳ್ತದೆ. ನೀ ಸ್ವಲ್ಪ ಕಮ್ಮಿ ಮಾತಾಡು."

ಮುಂದಿನ ಹಂಗಾಮಿಗೆ ಆಗರದವರೆಲ್ಲ ಸೇರಿ ಒಂದು ಮಾತು ಮಾಡಿಕೊಂಡಿದ್ದಾರೆ. ಸೆಖೆಯ ದಿನ ನಸುಕಿಗೇ ಇಳಿಯುವುದು, ಹನ್ನೊಂದಕ್ಕೆ ದಂಡೆಗೆ ಏರುವುದು, ನಾಲ್ಕರ ಮೇಲೆ ಮತ್ತೆ ಇಳಿಯುವುದು. ಮಳೆಯ ಮೋಡ ಕಂಡರೆ ಒಬ್ಬೊಬ್ಬರ ಪಾತಿಗೆ ಎಲ್ಲರೂ ಕೈ ಹಾಕುವುದು. ಒಬ್ಬನೇ ಒಂದು ಮೂಲೆಯಲ್ಲಿ ಉಳಿಯುವ ಹಾಗಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಿಸಿಲಿಲ್ಲ ಎಂದು ಧೈರ್ಯ ಮಾಡಬೇಡಿ. ಒಗೆದ ಬಟ್ಟೆ ಆರದ ದಿನ ನಿಮ್ಮ ಬೆವರೂ ಆರುವುದಿಲ್ಲ. ಅಂಥ ದಿನ ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ, ಉಪ್ಪು ಹಾಕಿದ ಗಂಜಿ ತಿಳಿ ಕುಡಿಯಿರಿ. ಗಾಳಿ ಬರುವ ಕಡೆ ಕೂತು ಆಗಾಗ ಮೈ ಒದ್ದೆ ಮಾಡಿಕೊಳ್ಳಿ. ಯಾರಾದರೂ ಮಾತು ತಪ್ಪಿ ಬಿದ್ದರೆ ಹೊದಿಕೆ ಹೊದೆಸಬೇಡಿ, ಬಾಗಿಲು ಮುಚ್ಚಬೇಡಿ. ನೂರಾ ಎಂಟಕ್ಕೆ ಹೇಳಿ, ನೀರು ಹೊಯ್ಯಿರಿ, ಗಾಳಿ ಹಾಕಿ.

ನಿಮ್ಮ ಕೇರಿಯಲ್ಲಿ ಒಬ್ಬರೇ ಇರುವವರು, ಒಬ್ಬರೇ ದುಡಿಯುವವರು ಯಾರಿದ್ದಾರೆ ಎಂದು ಈಗಲೇ ನೆನಪು ಮಾಡಿಕೊಳ್ಳಿ. ಸೆಖೆಯ ಮಧ್ಯಾಹ್ನ ಅವರ ಹೆಸರು ಹಿಡಿದು ಕರೆಯಿರಿ. ಉತ್ತರ ಸರಿಯಾಗಿ ಬಂತೇ ಎಂದು ಕೇಳಿಸಿಕೊಳ್ಳಿ. ಬರಲಿಲ್ಲವೇ, ಕೂತಲ್ಲಿಂದ ಇನ್ನೊಮ್ಮೆ ಕರೆಯಬೇಡಿ. ಎದ್ದು ಹೋಗಿ ನೋಡಿ.